ತೆವಳುವ ಕಲ್ಲುಗಳು

(ವಿಜ್ಞಾನಾಸಕ್ತರ ಸಭೆಯೊಂದರಲ್ಲಿ ಆಡಿದ ಮಾತುಗಳನ್ನು ಓದಿಗೆ ಒಗ್ಗುವಂತೆ ತಿದ್ದಿ ಇಲ್ಲಿ ಕೊಟ್ಟಿದ್ದೇನೆ. ಅಂದು ಪರದೆಯ ಮೇಲೆ ತೋರಿಸಿದ ಚಿತ್ರಗಳ ಜಾಗದಲ್ಲಿ ಅವುಗಳ ವರ್ಣನೆ ಇದೆ.)

ಮೊದಲು ಈ ಚಿತ್ರವನ್ನು ನೋಡಿ. ಕಣ್ಣು ಹಾಯುವಷ್ಟು ದೂರವೂ ಒಣಗಿ ಬಿರುಕು ಬಿಟ್ಟ ಜೇಡಿಮಣ್ಣು. ಬಿರುಕುಗಳು ಕೂಡಿ ಅಂಗೈ ಅಗಲದ ಬಿಲ್ಲೆಗಳನ್ನು ಹಾಸಿದಂತೆ ಕಾಣುತ್ತಿದೆ. ಒಂದು ಗಿಡವಿಲ್ಲ, ಹುಲ್ಲುಕಡ್ಡಿಯಿಲ್ಲ. ನಡುವೆ ಒಂದು ಕಪ್ಪು ಕಲ್ಲು ಕುಳಿತಿದೆ. ಅದರ ಹಿಂದೆ ಒಂದು ಗೀರು. ಕೆಸರಿನಲ್ಲಿ ಯಾರೋ ಭಾರದ ಚೀಲವನ್ನು ಎಳೆದುಕೊಂಡು ಹೋದಂತೆ ಆ ಗೀರು ದೂರದವರೆಗೆ ಹೋಗಿ, ಒಂದು ಕಡೆ ಮೆಲ್ಲಗೆ ತಿರುಗಿ, ಮತ್ತೆ ನೇರವಾಗಿ ಸಾಗಿದೆ. ಗೀರಿನ ಎರಡೂ ಅಂಚಿನಲ್ಲಿ ಮಣ್ಣು ಸಣ್ಣ ಬದುವಿನಂತೆ ಉಬ್ಬಿದೆ. ಅಕ್ಕಪಕ್ಕದಲ್ಲಿ ಮನುಷ್ಯರ ಹೆಜ್ಜೆಯಿಲ್ಲ, ಪ್ರಾಣಿಯ ಹೆಜ್ಜೆಯಿಲ್ಲ, ಗಾಡಿಯ ಗುರುತೂ ಇಲ್ಲ.

ಈ ಜಾಗ ಇರುವುದು ಅಮೆರಿಕದ ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನದಲ್ಲಿ. ಹೆಸರು ರೇಸ್‌ಟ್ರ್ಯಾಕ್ ಪ್ಲಾಯಾ. ಪ್ಲಾಯಾ ಎಂದರೆ ಮರುಭೂಮಿಯ ಒಣ ಕೆರೆಯಂಗಳ ಎಂದುಕೊಳ್ಳಿ: ಅಪರೂಪಕ್ಕೆ ಮಳೆ ಬಂದರೆ ಸುತ್ತಲಿನ ಬೆಟ್ಟಗಳ ನೀರು ಬಂದು ನಿಲ್ಲುತ್ತದೆ, ಹೊರಗೆ ಹರಿದುಹೋಗಲು ದಾರಿಯಿಲ್ಲದೆ ಅಲ್ಲೇ ಆರುತ್ತದೆ, ಹೊತ್ತು ತಂದ ನಯವಾದ ಮಣ್ಣನ್ನು ಬಿಟ್ಟುಹೋಗುತ್ತದೆ. ಸಾವಿರಾರು ವರ್ಷ ಹೀಗೆ ನಡೆದು ನೆಲ ತಟ್ಟೆಯಷ್ಟು ಸಮವಾಗಿದೆ. ಉದ್ದ ಸುಮಾರು ನಾಲ್ಕೂವರೆ ಕಿಲೋಮೀಟರ್, ಅಗಲ ಸುಮಾರು ಎರಡು. ಇಷ್ಟು ಉದ್ದದಲ್ಲಿ ಉತ್ತರದ ತುದಿಗೂ ದಕ್ಷಿಣದ ತುದಿಗೂ ಇರುವ ಎತ್ತರದ ವ್ಯತ್ಯಾಸ ಕೆಲವೇ ಸೆಂಟಿಮೀಟರ್. ದಕ್ಷಿಣದ ಕಡೆ ಡಾಲೊಮೈಟ್ ಶಿಲೆಯ ಕಡಿದಾದ ಗುಡ್ಡವಿದೆ. ಅಲ್ಲಿಂದ ಕಳಚಿ ಉರುಳಿದ ಕಲ್ಲುಗಳು ಕೆರೆಯಂಗಳದ ಅಂಚಿಗೆ ಬಂದು ನಿಲ್ಲುತ್ತವೆ. ಅಲ್ಲಿಯವರೆಗೆ ವಿಚಿತ್ರವೇನೂ ಇಲ್ಲ, ಗುಡ್ಡದ ಕಲ್ಲು ಉರುಳಲೇಬೇಕು. ಆಮೇಲೆ ಅವು ಸಮತಟ್ಟಾದ ನೆಲದ ಮೇಲೆ ನೂರಾರು ಮೀಟರ್ ಹೋಗಿರುವುದೇ ಒಗಟು.

ಇಳಿಜಾರಿನ ಮೇಲೆ ತಪ್ಪು ಹೊರಿಸೋಣವೆಂದರೆ ಅದೂ ಆಗದು. ಆ ಕೆಲವು ಸೆಂಟಿಮೀಟರ್ ಎತ್ತರ ಇರುವುದು ಉತ್ತರದ ಕಡೆ, ಹೆಚ್ಚಿನ ಕಲ್ಲುಗಳು ಹೋಗಿರುವುದೂ ಉತ್ತರದ ಕಡೆಗೇ. ಅಂದರೆ ಅವು ಕೂದಲೆಳೆಯಷ್ಟಾದರೂ ಏರು ಹತ್ತಿವೆ.

ಇಂಥ ಜಾಗಕ್ಕೆ ಕಥೆಗಳು ತಾವಾಗಿಯೇ ಹುಟ್ಟಿಕೊಳ್ಳುತ್ತವೆ. ನೆಲದೊಳಗಿನ ಅಯಸ್ಕಾಂತ ಎಂದರು, ಅನ್ಯಗ್ರಹದವರು ಎಂದರು, ರಾತ್ರಿ ಬಂದು ತಮಾಷೆ ಮಾಡುವ ಪುಂಡರು ಎಂದರು. ಡಾಲೊಮೈಟ್ ಕಲ್ಲು ಅಯಸ್ಕಾಂತಕ್ಕೆ ಮಣಿಯುವುದಿಲ್ಲ. ಪುಂಡರಾಗಿದ್ದರೆ ಒದ್ದೆ ಕೆಸರಿನಲ್ಲಿ ಅವರ ಕಾಲಿನ ಗುರುತು ಕಲ್ಲಿನ ಗೀರಿಗಿಂತ ಆಳವಾಗಿ ಉಳಿಯುತ್ತಿತ್ತು. ಅನ್ಯಗ್ರಹದವರ ಬಗ್ಗೆ ನನಗೆ ಹೇಳಲು ಏನೂ ಇಲ್ಲ. ಅಷ್ಟು ದೂರದಿಂದ ಬಂದು ಹತ್ತು ಕಿಲೋ ಕಲ್ಲನ್ನು ಸರಿಸಿ ಹೋಗುವುದು ಅವರಿಗೆ ಶೋಭೆಯಲ್ಲ ಎಂಬುದನ್ನು ಬಿಟ್ಟರೆ.

ಭೂವಿಜ್ಞಾನಿಗಳು ಇದನ್ನು ಬರಹಕ್ಕೆ ಇಳಿಸಿದ್ದು 1948ರಲ್ಲಿ. ಜಿಮ್ ಮ್ಯಾಕಲಿಸ್ಟರ್ ಮತ್ತು ಅಲೆನ್ ಆಗ್ನ್ಯೂ ಆ ಪ್ರದೇಶದ ಶಿಲೆಗಳ ನಕ್ಷೆ ಮಾಡುತ್ತಿದ್ದವರು, ಈ ಗೀರುಗಳನ್ನೂ ಗಮನಿಸಿ, ಮರುಭೂಮಿಯ ಸುಳಿಗಾಳಿ ಕಾರಣವಿರಬಹುದು ಎಂದರು. 1955ರಲ್ಲಿ ಜಾರ್ಜ್ ಸ್ಟ್ಯಾನ್ಲಿ ಎಂಬುವರು ಬೇರೆಯೇ ದಿಕ್ಕಿನಲ್ಲಿ ಯೋಚಿಸಿದರು. ಅನೇಕ ಗೀರುಗಳು ಒಂದಕ್ಕೊಂದು ಸಮಾನಾಂತರವಾಗಿವೆ. ಒಂದು ತಿರುಗಿದಲ್ಲಿ ಇನ್ನೊಂದೂ ತಿರುಗಿದೆ. ಒಂದೊಂದು ಕಲ್ಲನ್ನೂ ಗಾಳಿ ಬೇರೆಬೇರೆಯಾಗಿ ತಳ್ಳಿದ್ದರೆ ಇಷ್ಟು ಒಗ್ಗಟ್ಟು ಬರುವುದು ಹೇಗೆ? ನಿಂತ ನೀರು ಚಳಿಗೆ ಹೆಪ್ಪುಗಟ್ಟಿ, ಕಲ್ಲುಗಳೆಲ್ಲ ಒಂದೇ ಮಂಜುಗಡ್ಡೆಯ ಹಾಸಿನಲ್ಲಿ ಸಿಕ್ಕಿಕೊಂಡು, ಆ ಹಾಸನ್ನು ಗಾಳಿ ದೂಡಿರಬೇಕು ಎಂಬುದು ಅವರ ವಾದ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಡೆತ್ ವ್ಯಾಲಿ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು 1913ರ ಜುಲೈನಲ್ಲಿ ಅಲ್ಲಿ ದಾಖಲಾದ 56.7 ಡಿಗ್ರಿ ಸೆಲ್ಸಿಯಸ್. ಅಂಥ ಕಡೆ ಮಂಜುಗಡ್ಡೆಯೇ? ಆ ದಾಖಲೆ ಸಮುದ್ರಮಟ್ಟಕ್ಕಿಂತ ಕೆಳಗಿರುವ ಕಣಿವೆಯ ತಳದ್ದು. ರೇಸ್‌ಟ್ರ್ಯಾಕ್ ಇರುವುದು ಬೆಟ್ಟಗಳ ನಡುವೆ, ಸುಮಾರು 1,130 ಮೀಟರ್ ಎತ್ತರದಲ್ಲಿ. ಮರುಭೂಮಿಯ ಲಕ್ಷಣ ಬಿಸಿಲಲ್ಲ, ಮಳೆಯ ಕೊರತೆ. ಒಣಗಾಳಿ ಮತ್ತು ಮೋಡವಿಲ್ಲದ ಆಕಾಶ ಇರುವಲ್ಲಿ ಹಗಲಿನ ಶಾಖ ಸೂರ್ಯ ಮುಳುಗಿದ ಕೂಡಲೇ ಮೇಲಕ್ಕೆ ಹಾರಿಹೋಗುತ್ತದೆ. ಚಳಿಗಾಲದ ರಾತ್ರಿ ಅಲ್ಲಿ ನೀರು ಹೆಪ್ಪುಗಟ್ಟುವುದು ಅಚ್ಚರಿಯ ಮಾತಲ್ಲ. ಹೆಪ್ಪುಗಟ್ಟಲು ನೀರು ಸಿಗುವುದೇ ಅಪರೂಪ.

ಸ್ಟ್ಯಾನ್ಲಿಯವರ ಊಹೆಯನ್ನು ಪರೀಕ್ಷಿಸಲು ಹೊರಟವರು ರಾಬರ್ಟ್ ಶಾರ್ಪ್ ಮತ್ತು ಡ್ವೈಟ್ ಕ್ಯಾರಿ. ನನಗೆ ಈ ಇಡೀ ಕಥೆಯಲ್ಲಿ ಬಹಳ ಇಷ್ಟವಾದ ಭಾಗ ಇದು, ಏಕೆಂದರೆ ಇಲ್ಲಿ ಒಳ್ಳೆಯ ವಿಜ್ಞಾನಿಗಳು ಒಳ್ಳೆಯ ಪ್ರಯೋಗ ಮಾಡಿ ದಾರಿ ತಪ್ಪಿದರು. ಅವರು 30 ಕಲ್ಲುಗಳನ್ನು ಆರಿಸಿ, ಪ್ರತಿಯೊಂದಕ್ಕೂ ಹೆಸರಿಟ್ಟು, ಪಕ್ಕದಲ್ಲಿ ಗೂಟ ನೆಟ್ಟು, ಏಳು ವರ್ಷ ಕಾದರು. ಮೇರಿ ಆ್ಯನ್ ಎಂಬ ಕಲ್ಲು ಮೊದಲ ಚಳಿಗಾಲದಲ್ಲೇ 64 ಮೀಟರ್ ಹೋಯಿತು. ನ್ಯಾನ್ಸಿ ಎಂಬುದು ಮುಷ್ಟಿಯಲ್ಲಿ ಹಿಡಿಯುವಷ್ಟು ಚಿಕ್ಕದು, ಒಟ್ಟು 262 ಮೀಟರ್ ತಿರುಗಾಡಿತು. ಸುಮಾರು 320 ಕಿಲೋ ತೂಕದ ಕ್ಯಾರೆನ್ ಮಾತ್ರ ಏಳು ವರ್ಷವೂ ಕೂತಲ್ಲೇ ಕೂತಿತು. ಬೇಸಿಗೆಯಲ್ಲಿ ಯಾವ ಕಲ್ಲೂ ಕದಲಲಿಲ್ಲ. ಪ್ರತಿ ಚಳಿಗಾಲದಲ್ಲೂ ಕದಲಿದವು ಎಂದಲ್ಲ. ಕೆಲವೇ ಚಳಿಗಾಲಗಳಲ್ಲಿ ಒಟ್ಟಾಗಿ ಹೊರಟವು.

ಮಂಜುಗಡ್ಡೆಯ ಪಾತ್ರವಿದೆಯೇ ಎಂದು ತಿಳಿಯಲು ಅವರು ಒಂದು ದೊಡ್ಡಿ ಕಟ್ಟಿದರು. ಸುಮಾರು 1.7 ಮೀಟರ್ ಅಡ್ಡಳತೆಯ ವೃತ್ತದಲ್ಲಿ ಏಳು ಕಬ್ಬಿಣದ ಸರಳುಗಳನ್ನು ನೆಲಕ್ಕೆ ಹೊಡೆದು, ಒಳಗೆ ಅರ್ಧ ಕಿಲೋದಷ್ಟು ತೂಕದ ಒಂದು ಕಲ್ಲನ್ನು ಬಿಟ್ಟರು. ಸರಳಿನಿಂದ ಸರಳಿಗೆ ಮುಕ್ಕಾಲು ಮೀಟರಿನಷ್ಟು ಅಂತರ. ತರ್ಕ ಸರಳವಾಗಿತ್ತು: ಕಲ್ಲನ್ನು ಒಯ್ಯುವುದು ದೊಡ್ಡ ಮಂಜಿನ ಹಾಸಾಗಿದ್ದರೆ ಅದು ಸರಳುಗಳಿಗೆ ತಾಗಿ ನಿಲ್ಲಬೇಕು, ಕಲ್ಲು ಹೊರಗೆ ಬರಬಾರದು. ಮೊದಲ ಚಳಿಗಾಲ ಕಳೆದು ನೋಡಿದರೆ ಕಲ್ಲು ಎರಡು ಸರಳುಗಳ ನಡುವೆ ತೂರಿಕೊಂಡು ಎಂಟೂವರೆ ಮೀಟರ್ ಆಚೆ ಹೋಗಿ ಕುಳಿತಿತ್ತು. ಆಮೇಲೆ ಇನ್ನೂ ಭಾರವಾದ ಎರಡು ಕಲ್ಲುಗಳನ್ನು ದೊಡ್ಡಿಯಲ್ಲಿಟ್ಟರು. ಐದು ವರ್ಷದ ನಂತರ ಒಂದು ಹೊರಟಿತು, ಅದರ ಜೊತೆಗಾರ ಅಲ್ಲೇ ಉಳಿಯಿತು. 1976ರಲ್ಲಿ ಅವರು ಬರೆದ ತೀರ್ಮಾನ: ಒದ್ದೆಯಾಗಿ ಜಾರುವ ನೆಲದ ಮೇಲೆ ಗಾಳಿಯೇ ಕಲ್ಲುಗಳನ್ನು ತಳ್ಳುತ್ತದೆ, ಮಂಜುಗಡ್ಡೆ ಬೇಕಾಗಿಲ್ಲ.

ಆ ಕಲ್ಲಿನ ಸಾಕ್ಷ್ಯವನ್ನು ನಾನಾಗಿದ್ದರೂ ನಂಬುತ್ತಿದ್ದೆ. ಆದರೆ ಗಾಳಿಯ ಲೆಕ್ಕ ಕೂಡುವುದಿಲ್ಲ. ಈಗ ಒಂದು ಒರಟು ಲೆಕ್ಕ ಮಾಡೋಣ, ಕಾಗದ ಪೆನ್ನು ಬೇಕಿಲ್ಲ.

ಹದಿನೈದು ಕಿಲೋ ತೂಕದ ಡಾಲೊಮೈಟ್ ಕಲ್ಲು, ಚೌಕಾಕಾರದ್ದು ಎಂದುಕೊಂಡರೆ, ಒಂದೊಂದು ಬದಿಯೂ ಸುಮಾರು ಹದಿನೇಳು ಸೆಂಟಿಮೀಟರ್. ಅದನ್ನು ಕೆಸರಿನ ಮೇಲೆ ಎಳೆಯಲು ಅದರ ತೂಕದ ಅರ್ಧದಷ್ಟು ಬಲ ಬೇಕು ಎಂದಿಟ್ಟುಕೊಳ್ಳಿ, ಅಂದರೆ ಏಳೂವರೆ ಕಿಲೋ ತೂಕವನ್ನು ಎತ್ತುವಷ್ಟು. ಸೆಕೆಂಡಿಗೆ ಐದು ಮೀಟರ್ ವೇಗದ ಗಾಳಿ, ಎಂದರೆ ಮುಖಕ್ಕೆ ಹಿತವಾಗಿ ಬಡಿಯುವ ಗಾಳಿ, ಆ ಕಲ್ಲಿನ ಮುಖದ ಮೇಲೆ ಹಾಕುವ ಒತ್ತಡ ಐವತ್ತು ಗ್ರಾಂ ತೂಕಕ್ಕೂ ಸಮನಾಗುವುದಿಲ್ಲ. ಬೇಕಿರುವುದು ಅದರ ನೂರೈವತ್ತು ಪಟ್ಟು. ಗಾಳಿಯ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ವೇಗ ಹನ್ನೆರಡು ಪಟ್ಟಾದರೆ ಸಾಕು. ಸಾಕು ಎಂದೆ, ಆದರೆ ಅದು ಗಂಟೆಗೆ ಇನ್ನೂರು ಕಿಲೋಮೀಟರಿಗೂ ಮೀರಿದ ಬಿರುಗಾಳಿ. ಅದೂ ನೆಲಕ್ಕೆ ಅಂಟಿಕೊಂಡಂತೆ, ಗಾಳಿ ಯಾವಾಗಲೂ ಮಂದವಾಗಿರುವ ಎತ್ತರದಲ್ಲಿ ಬೀಸಬೇಕು.

1990ರ ದಶಕದಲ್ಲಿ ವಾದ ಮತ್ತೆ ಎದ್ದಿತು. 1995ರಲ್ಲಿ ಜಾನ್ ರೀಡ್ ಮತ್ತು ಸಂಗಡಿಗರು ದೂರದೂರದ ಗೀರುಗಳನ್ನು ಅಳೆದು, ಅವು ಒಂದರ ಮೇಲೊಂದು ಇಟ್ಟರೆ ಹೊಂದುವಷ್ಟು ಹೋಲುತ್ತವೆ ಎಂದು ತೋರಿಸಿ ಮಂಜುಗಡ್ಡೆಯ ಪಕ್ಷ ವಹಿಸಿದರು. ಪೌಲಾ ಮೆಸಿನಾ ಜಿಪಿಎಸ್ ಹಿಡಿದು ನೂರಕ್ಕೂ ಹೆಚ್ಚು ಕಲ್ಲುಗಳ ಜಾಗ, ಜಾಡು ಎರಡನ್ನೂ ನಕ್ಷೆಗೆ ಇಳಿಸಿದರು. ಮಂಜು ಎನ್ನುವವರು ಒಂದು ಕಡೆ, ಬರೀ ಗಾಳಿ ಎನ್ನುವವರು ಇನ್ನೊಂದು ಕಡೆ; ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಸ್ವಲ್ಪ ಕಾಲ ನಡೆಯಿತು. ಕಲ್ಲು ಚಲಿಸುವುದನ್ನು ಕಣ್ಣಾರೆ ಕಂಡವರು ಮಾತ್ರ ಎರಡು ಕಡೆಯಲ್ಲೂ ಇರಲಿಲ್ಲ.

ಆಮೇಲೆ ಬಂದವರು ರಾಲ್ಫ್ ಲೊರೆನ್ಜ್. ಇವರು ಗ್ರಹವಿಜ್ಞಾನಿ. ಶನಿಯ ಚಂದ್ರ ಟೈಟನ್‌ನಲ್ಲಿರುವ ಕೆರೆಗಳನ್ನು ಅರಿಯಲು ಭೂಮಿಯ ಮೇಲಿನ ಒಣ ಕೆರೆಯಂಗಳಗಳ ಹವೆಯನ್ನು ಅಳೆಯುತ್ತಿದ್ದವರು ಈ ಕಲ್ಲುಗಳಿಗೆ ಮರುಳಾದರು. ಅವರ ಪ್ರಯೋಗ ನಡೆದದ್ದು ಅಡುಗೆಮನೆಯಲ್ಲಿ. ಅದನ್ನೇ ನಾನು ಇಲ್ಲಿ ಮೇಜಿನ ಮೇಲೆ ಮಾಡಿಟ್ಟಿದ್ದೇನೆ, ಮುಂದಿನ ಸಾಲಿನವರು ಬಂದು ನೋಡಬಹುದು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದು ಪುಟ್ಟ ಕಲ್ಲಿಟ್ಟು, ಕಲ್ಲಿನ ತಲೆ ಹೊರಗಿರುವಷ್ಟು ನೀರು ಹಾಕಿ, ಫ್ರೀಜರಿನಲ್ಲಿ ಇಡುವುದು. ಸಿಕ್ಕುವುದು ಕಲ್ಲು ಚುಚ್ಚಿಕೊಂಡಿರುವ ಮಂಜಿನ ಬಿಲ್ಲೆ. ಅದನ್ನು ತಲೆಕೆಳಗು ಮಾಡಿ, ತಳದಲ್ಲಿ ಮರಳು ಹಾಸಿದ ನೀರಿನ ತಟ್ಟೆಗೆ ಬಿಡುವುದು. ಮಂಜು ತೇಲುತ್ತದೆ, ಕಲ್ಲಿನ ತುದಿ ಮರಳನ್ನು ಮೆಲ್ಲಗೆ ಸೋಕುತ್ತದೆ. ಈಗ ಬಾಯಿಂದ ಸುಮ್ಮನೆ ಊದಿ. ಬಿಲ್ಲೆ ಸರಿಯುತ್ತದೆ, ಮರಳಿನಲ್ಲಿ ಗೀರು ಬೀಳುತ್ತದೆ. ಮೊದಲ ಸಲ ನಾನು ನೀರು ಹೆಚ್ಚು ಹಾಕಿ ಕಲ್ಲು ಮರಳಿಗೆ ತಾಗಲೇ ಇಲ್ಲ. ಎರಡನೆಯ ಸಲ ಕಡಿಮೆ ಹಾಕಿ ಬಿಲ್ಲೆ ತಳಕಚ್ಚಿ ಕುಳಿತಿತು. ಬೆರಳಗಲದ ತಟ್ಟೆಯಲ್ಲೇ ಇಷ್ಟು ಹದ ಬೇಕಾದರೆ ಕೆರೆಯಂಗಳದಲ್ಲಿ ಎಷ್ಟು ಬೇಕು ಎಂಬುದು ಆಗ ನನಗೆ ಅರ್ಥವಾಯಿತು.

ಲೊರೆನ್ಜ್ ತಂಡ 2011ರಲ್ಲಿ ಇದನ್ನು ಪ್ರಕಟಿಸಿತು. ಮಂಜು ಕಲ್ಲಿಗೆ ತೆಪ್ಪದಂತೆ ಕೆಲಸ ಮಾಡಿ ಅದರ ಭಾರವನ್ನು ಹಗುರ ಮಾಡುತ್ತದೆ, ಆಗ ಸಣ್ಣ ಗಾಳಿಯೂ ಸಾಕು ಎಂಬುದು ವಾದ. ಅದೇ ಹೊತ್ತಿಗೆ ಕಡಲವಿಜ್ಞಾನ ಸಂಸ್ಥೆಯಾದ ಸ್ಕ್ರಿಪ್ಸ್‌ನ ರಿಚರ್ಡ್ ನಾರಿಸ್ ಮತ್ತು ಅವರ ಸೋದರಸಂಬಂಧಿ, ಎಂಜಿನಿಯರ್ ಜೇಮ್ಸ್ ನಾರಿಸ್, ಇನ್ನೊಂದು ದಾರಿ ಹಿಡಿದಿದ್ದರು. ಚಲಿಸಿದರೆ ತಾನೇ ದಾಖಲಿಸುವ ಜಿಪಿಎಸ್ ಉಪಕರಣವನ್ನು ಕಲ್ಲಿನೊಳಗೆ ಕೂರಿಸಬೇಕು. ಉದ್ಯಾನದವರು ಅಲ್ಲಿನ ಕಲ್ಲುಗಳನ್ನು ಕೊರೆಯಲು ಒಪ್ಪಲಿಲ್ಲ, ಸರಿಯೇ. ಹಾಗಾಗಿ ಹೊರಗಿನಿಂದ 15 ಕಲ್ಲುಗಳನ್ನು ತಂದು, ರಂಧ್ರ ಕೊರೆದು ಉಪಕರಣ ಇಟ್ಟು, ಕೆರೆಯಂಗಳದಲ್ಲಿ ಇರಿಸಿದರು. ಪಕ್ಕದಲ್ಲಿ ಗಾಳಿಯ ವೇಗ ಅಳೆಯುವ ಹವಾಮಾನ ಕೇಂದ್ರ. ಆಮೇಲೆ ಕಾಯುವುದು. ಐದಾರು ವರ್ಷವೋ ಹತ್ತು ವರ್ಷವೋ ಹಿಡಿಯಬಹುದು ಎಂದುಕೊಂಡಿದ್ದರು.

ಎರಡೇ ವರ್ಷಕ್ಕೆ ಅದೃಷ್ಟ ಕುದುರಿತು. 2013ರ ನವೆಂಬರ್ ಕೊನೆಯಲ್ಲಿ ಮಳೆ, ಹಿಮ ಎರಡೂ ಬಿದ್ದವು. ಡಿಸೆಂಬರಿನಲ್ಲಿ ನಾರಿಸ್ ಬಂಧುಗಳು ಅಲ್ಲಿಗೆ ಹೋದಾಗ ಕೆರೆಯಂಗಳದ ಮೂರನೇ ಒಂದು ಭಾಗ ನಿಜವಾಗಿಯೂ ಕೆರೆಯಾಗಿತ್ತು. ಕೆರೆ ಎಂದರೆ ಪಾದ ಮುಳುಗುವಷ್ಟು, ಆಳ ಏಳು ಸೆಂಟಿಮೀಟರ್. ಮೇಲೆ ಮಂಜುಗಡ್ಡೆ.

ಡಿಸೆಂಬರ್ 20ರ ಬೆಳಗನ್ನು ಕಣ್ಣಿಗೆ ತಂದುಕೊಳ್ಳಿ. ರಾತ್ರಿಯ ಚಳಿಗೆ ನೀರಿನ ಮೇಲೆ ಕಿಟಕಿಯ ಗಾಜಿನಂಥ ಪದರ ಕಟ್ಟಿದೆ. ದಪ್ಪ ಮೂರರಿಂದ ಆರು ಮಿಲಿಮೀಟರ್, ಅಷ್ಟೇ. ಕಲ್ಲುಗಳ ನೆತ್ತಿ ಅದರಿಂದ ಹೊರಗೆ ಚಾಚಿಕೊಂಡಿವೆ. ಆಕಾಶ ನಿರ್ಮಲ. ಬಿಸಿಲೇರುತ್ತಿದ್ದಂತೆ ಮಂಜು ಸಡಿಲಗೊಳ್ಳುತ್ತಿದೆ. ಸೆಕೆಂಡಿಗೆ ನಾಲ್ಕೈದು ಮೀಟರಿನ ಮೆಲುಗಾಳಿ. ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಕೆರೆಯ ಉದ್ದಕ್ಕೂ ಚಟ್, ಚಟಚಟ ಎಂದು ಮಂಜು ಬಿರಿಯುವ ಸದ್ದು ಕೇಳಿಬರುತ್ತದೆ. ಹಾಳೆ ಒಡೆದು ಹತ್ತಾರು ಮೀಟರ್ ಅಗಲದ ಹಲಗೆಗಳಾಗುತ್ತದೆ. ಹಲಗೆಗಳು ಗಾಳಿಯ ಜೊತೆ ಹೊರಡುತ್ತವೆ. ಎದುರಿಗೆ ಸಿಕ್ಕ ಕಲ್ಲಿಗೆ ಬಂದು ಒತ್ತುತ್ತವೆ. ಕಲ್ಲೂ ಹೊರಡುತ್ತದೆ.

ಆ ಒಂದೇ ದಿನ ಅರವತ್ತಕ್ಕೂ ಹೆಚ್ಚು ಕಲ್ಲುಗಳು ಕದಲಿದವು. ವೇಗ ನಿಮಿಷಕ್ಕೆ ಎರಡರಿಂದ ಐದು ಮೀಟರ್. ಒಂದೊಂದು ಪಯಣವೂ ಕೆಲವು ಸೆಕೆಂಡುಗಳಿಂದ ಹದಿನಾರು ನಿಮಿಷದವರೆಗೆ. ಜನವರಿ 9ರಂದು ಜೇಮ್ಸ್ ನಾರಿಸ್ ಅವರ ಜೊತೆ ಲೊರೆನ್ಜ್ ಕೂಡ ಅಲ್ಲಿದ್ದರು, ಕಲ್ಲುಗಳು ಮತ್ತೆ ನಡೆದದ್ದನ್ನು ಕಂಡರು. ಆ ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ಕಲ್ಲು 224 ಮೀಟರ್ ಸಾಗಿತ್ತು. 2014ರ ಆಗಸ್ಟ್‌ನಲ್ಲಿ ವಿವರಗಳೆಲ್ಲ ಪ್ಲಾಸ್ ಒನ್ ಪತ್ರಿಕೆಯಲ್ಲಿ ಬಂದವು.

ಇಲ್ಲಿ ಒಂದು ಸೂಕ್ಷ್ಮವಿದೆ. ಮಂಜು ಎಂದು ಹೇಳಿದವರ ಊಹೆಗಳೂ ನಿಜಕ್ಕಿಂತ ದೊಡ್ಡದಾಗಿದ್ದವು. ದಪ್ಪ ಹಾಸು ಕಲ್ಲುಗಳನ್ನು ಕಚ್ಚಿ ಹಿಡಿದು ಒಯ್ಯುತ್ತದೆ ಎಂದರು. ತೆಪ್ಪದಂತೆ ಎತ್ತುತ್ತದೆ ಎಂದರು. ಅಂದು ಕಂಡ ಮಂಜಿಗೆ ಕಲ್ಲನ್ನು ಎತ್ತುವ ಶಕ್ತಿಯೇ ಇರಲಿಲ್ಲ. ಮೂರು ಮಿಲಿಮೀಟರ್ ಮಂಜು ಏನನ್ನು ಎತ್ತೀತು? ಅದು ಕಲ್ಲನ್ನು ಹಿಂದಿನಿಂದ ದೂಡಿತು, ಅಷ್ಟೇ. ನನ್ನ ತಟ್ಟೆಯ ಪ್ರಯೋಗವೂ ಆ ಮಟ್ಟಿಗೆ ಅರ್ಧಸತ್ಯ.

ಅಷ್ಟು ತೆಳುವಾದದ್ದು ದೂಡಿದ್ದಾದರೂ ಹೇಗೆ? ಮತ್ತೆ ಲೆಕ್ಕಕ್ಕೆ ಬನ್ನಿ. ಅದೇ ಐದು ಮೀಟರ್ ವೇಗದ ಗಾಳಿ ಮಂಜಿನ ಮೇಲೆ ಸವರಿಕೊಂಡು ಹೋಗುವಾಗ ಒಂದು ಚದರ ಮೀಟರಿಗೆ ಕೊಡುವ ಎಳೆತ ಆರು ಗ್ರಾಂ ತೂಕದಷ್ಟು, ಒಂದು ನಾಣ್ಯದಷ್ಟು. ಆದರೆ ಹಲಗೆ ನಲವತ್ತು ಮೀಟರ್ ಉದ್ದಗಲದ್ದಾದರೆ ಅದರ ವಿಸ್ತೀರ್ಣ 1,600 ಚದರ ಮೀಟರ್, ಒಟ್ಟು ಎಳೆತ ಒಂಬತ್ತೂವರೆ ಕಿಲೋ. ನಮ್ಮ ಕಲ್ಲಿಗೆ ಬೇಕಿದ್ದದ್ದು ಏಳೂವರೆ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎನ್ನುವ ಮಾತು ಇಲ್ಲಿ ಅಕ್ಷರಶಃ ನಿಜ. ಮಂಜಿನ ಅಡಿಯ ನೀರೂ ಗಾಳಿಯ ದಿಕ್ಕಿಗೆ ಸರಿಯುತ್ತ ಕೈಜೋಡಿಸುತ್ತದೆ, ನೆನೆದ ಜೇಡಿಮಣ್ಣಂತೂ ಜಾರಲು ಸಿದ್ಧವಾಗಿಯೇ ಇರುತ್ತದೆ. ಎಲ್ಲರೂ ಕಲ್ಲಿನ ಪುಟ್ಟ ಮುಖಕ್ಕೆ ಎಷ್ಟು ಗಾಳಿ ಬಡಿಯಬೇಕು ಎಂದು ಯೋಚಿಸುತ್ತಿದ್ದರು. ಗಾಳಿ ಹಿಡಿದದ್ದು ಕಲ್ಲನ್ನಲ್ಲ, ಕೆರೆಯನ್ನು.

ದೊಡ್ಡಿಯಿಂದ ತಪ್ಪಿಸಿಕೊಂಡ ಕಲ್ಲಿನ ಗುಟ್ಟೂ ಇಲ್ಲೇ ಇದೆ ಎಂಬುದು ನನ್ನ ಓದು. ಶಾರ್ಪ್ ಮತ್ತು ಕ್ಯಾರಿ ಮನಸ್ಸಿನಲ್ಲಿ ಇಟ್ಟುಕೊಂಡದ್ದು ಗಟ್ಟಿಯಾದ, ಬಗ್ಗದ ಹಾಸನ್ನು. ಗಾಜಿನಂಥ ಪದರ ಸರಳುಗಳಿಗೆ ಬಡಿದರೆ ನಿಲ್ಲುವುದಿಲ್ಲ, ಒಡೆಯುತ್ತದೆ. ಒಡೆದ ತುಂಡು ಎರಡು ಸರಳುಗಳ ನಡುವೆ ನುಗ್ಗುತ್ತದೆ, ತನ್ನ ಮುಂದಿದ್ದ ಕಲ್ಲನ್ನೂ ದೂಡಿಕೊಂಡು ಹೋಗುತ್ತದೆ. ಜೊತೆಗಾರ ಕಲ್ಲು ಅಲ್ಲೇ ಉಳಿದದ್ದು ಏಕೆ? ಒಂದರ ಹಿಂದೆ ಹಲಗೆ ಒತ್ತುತ್ತಿರುವಾಗ ಮಗ್ಗುಲಲ್ಲಿದ್ದದ್ದು ಮಂಜು ಬಿರಿದ ಸಂದಿಯಲ್ಲಿ, ಬರೀ ನೀರಿನಲ್ಲಿ ಇದ್ದರೆ ಅದನ್ನು ಯಾರೂ ಮುಟ್ಟುವುದಿಲ್ಲ. ಸಮಾನಾಂತರ ಗೀರುಗಳಿಗೂ ಇದೇ ಉತ್ತರ. ಒಂದೇ ಹಲಗೆಗೆ ಸಿಕ್ಕ ಕಲ್ಲುಗಳು ಒಟ್ಟಿಗೆ ತಿರುಗುತ್ತವೆ.

ಇದೇಕೆ ಪ್ರತಿ ಚಳಿಗಾಲವೂ ಆಗುವುದಿಲ್ಲ ಎಂದರೆ ಹದ ಸಿಗುವುದಿಲ್ಲ. ಮಳೆ ಬರಬೇಕು, ಆದರೆ ಕಲ್ಲು ಮುಳುಗುವಷ್ಟು ಅಲ್ಲ. ನೀರು ಆರುವ ಮೊದಲೇ ಚಳಿ ಬರಬೇಕು, ಆದರೆ ಮಂಜು ಅಲುಗದಷ್ಟು ದಪ್ಪಗಟ್ಟಬಾರದು. ಬಿಸಿಲು ಅದನ್ನು ಒಡೆಯಬೇಕು, ಕರಗಿಸಿಬಿಡಬಾರದು. ಸರಿಯಾಗಿ ಆ ಗಳಿಗೆಯಲ್ಲೇ ಗಾಳಿ ಏಳಬೇಕು. ಇಷ್ಟೆಲ್ಲ ಕೂಡಿಬಂದರೆ ಕೆಲವು ನಿಮಿಷ. ನೆವಾಡಾದ ಬಾನಿ ಕ್ಲೇರ್ ಎಂಬ ಒಣ ಕೆರೆಯಂಗಳದಲ್ಲೂ ಇಂಥ ಗೀರುಗಳಿವೆ, ಅಂದರೆ ಇದು ಒಂದೇ ಜಾಗದ ಮಹಿಮೆಯಲ್ಲ.

ಉಪನ್ಯಾಸದ ಕೊನೆಗೆ ವಿದ್ಯಾರ್ಥಿನಿಯೊಬ್ಬರು ಎದ್ದು ಕೇಳಿದರು: "ಸರ್, ಅಷ್ಟೊಂದು ಪ್ರವಾಸಿಗರು ಹೋಗುತ್ತಾರಲ್ಲ, ಇಷ್ಟು ವರ್ಷ ಒಬ್ಬರಾದರೂ ನೋಡಲಿಲ್ಲವೇ?"

ನೋಡಿರಬಹುದು, ಗುರುತಿಸಿರಲಾರರು. ಕೆರೆಯಂಗಳ ಒದ್ದೆಯಾಗಿರುವಾಗ ಅದರ ಮೇಲೆ ಕಾಲಿಡುವಂತಿಲ್ಲ, ಹೆಜ್ಜೆಯ ಗುರುತು ವರ್ಷಗಟ್ಟಲೆ ಉಳಿಯುತ್ತದೆ. ಹಾಗಾಗಿ ದಡದಲ್ಲಿ, ನೂರಾರು ಮೀಟರ್ ಆಚೆ ನಿಲ್ಲಬೇಕು. ಅಲ್ಲಿಂದ ನೋಡಿದರೆ ಕಲ್ಲುಗಳು, ಅವುಗಳ ಸುತ್ತಲಿನ ಮಂಜು, ಎಲ್ಲವೂ ಒಟ್ಟಿಗೆ, ಒಂದೇ ದಿಕ್ಕಿಗೆ, ಬಸವನ ಹುಳುವನ್ನು ನೆನಪಿಸುವ ನಿಧಾನದಲ್ಲಿ ಸರಿಯುತ್ತಿರುತ್ತವೆ. ಕದಲದೆ ನಿಂತ ಯಾವುದಾದರೂ ಒಂದು ವಸ್ತು ಪಕ್ಕದಲ್ಲಿ ಇದ್ದರೆ ತಾನೇ ಚಲನೆ ಕಣ್ಣಿಗೆ ಬೀಳುವುದು? ಇನ್ನು ಗೀರನ್ನಾದರೂ ನೋಡೋಣವೆಂದರೆ ಅದು ಕದಡಿದ ನೀರಿನ ಅಡಿಯಲ್ಲಿ ಬೀಳುತ್ತಿರುತ್ತದೆ. ಸಂಜೆಗೆ ಮಂಜು ಕರಗಿರುತ್ತದೆ. ನೀರು ಪೂರ್ತಿ ಆರಿ, ಕೆಸರು ಗಟ್ಟಿಯಾಗಿ, ಬಿರುಕು ಬಿಟ್ಟು, ಜನ ನಡೆದಾಡುವಂತಾಗಲು ವಾರಗಳೇ ಹಿಡಿಯುತ್ತವೆ. ಗೀರು ಮೊದಲ ಬಾರಿಗೆ ಕಾಣುವುದು ಆಗಲೇ, ಕಲ್ಲನ್ನು ದೂಡಿದ ಮಂಜು ಆವಿಯಾಗಿ ಹೋಗಿ ಎಷ್ಟೋ ದಿನಗಳಾದ ಮೇಲೆ.